ಹೃದಯ ಶಸ್ತ್ರಚಿಕಿತ್ಸೆಯ ನಂತರದ ಸನ್ನಿ

ಹೃದಯದ ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಳ್ಳುತ್ತಿರುವ ರೋಗಿಯ ಗಮನ, ಎಚ್ಚರ ಮತ್ತು ಯೋಚನೆಗಳು ಕೆಲವು ಗಂಟೆಗಳಲ್ಲೋ ಒಂದೆರಡು ದಿನಗಳಲ್ಲೋ ಕದಡಿಹೋಗುವ ಸ್ಥಿತಿ. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಕನ್ನಡದಲ್ಲಿ ಸನ್ನಿ, ಚಿತ್ತಭ್ರಮೆ ಎಂಬ ಹೆಸರುಗಳಿವೆ. ಬೈಪಾಸ್, ಕವಾಟದ ಬದಲಾವಣೆ, ಮಹಾಪಧಮನಿಯ ದುರಸ್ತಿಯಂಥ ದೊಡ್ಡ ಶಸ್ತ್ರಚಿಕಿತ್ಸೆಗಳ ನಂತರ, ಅದರಲ್ಲೂ 60 ದಾಟಿದವರಲ್ಲಿ, ಇದು ತೀರ ಸಾಮಾನ್ಯ. ಬಹುಪಾಲು ಪ್ರಕರಣಗಳು ಮೊದಲ ಮೂರು ದಿನಗಳಲ್ಲೇ ಶುರುವಾಗುತ್ತವೆ. ಕೆಲವೇ ದಿನಗಳಲ್ಲಿ ಇಳಿದುಹೋಗುವುದರಿಂದ ಇದನ್ನು ಅರಿವಳಿಕೆಯ ಅಮಲು, ವಯಸ್ಸಿನ ಅರಳುಮರಳು ಅಥವಾ ಐಸಿಯುವಿನಲ್ಲಿ ಎಲ್ಲರಿಗೂ ಆಗುವ ತೊಡಕು ಎಂದು ತಳ್ಳಿಹಾಕುವುದು ರೂಢಿ. ಕಳೆದ ಅರವತ್ತು ವರ್ಷಗಳಲ್ಲಿ ಕೂಡಿಬಂದಿರುವ ಸಾಕ್ಷ್ಯ ಈ ರೂಢಿಯನ್ನು ಒಪ್ಪುವುದಿಲ್ಲ. ಮೂತ್ರಪಿಂಡ ಅಥವಾ ಶ್ವಾಸಕೋಶ ಸೋಲುವಂತೆ ಮಿದುಳು ತಾತ್ಕಾಲಿಕವಾಗಿ ಸೋಲುವುದೇ ಸನ್ನಿ. ಒಂದೇ ಔಷಧಕ್ಕೆ ಇದು ಜಗ್ಗುವುದಿಲ್ಲ. ಆದರೆ ಮುಂಚಿತವಾಗಿ ಅಪಾಯವನ್ನು ಗುರುತಿಸಿ, ದಿನವೂ ಹುಡುಕಿ, ನಿದ್ದೆ, ನೋವು, ನಡಿಗೆ, ಕನ್ನಡಕ, ಮಾತುಗಳಂಥ ಸಾಮಾನ್ಯ ಸಂಗತಿಗಳನ್ನು ಶಿಸ್ತಿನಿಂದ ನೋಡಿಕೊಂಡರೆ ತಕ್ಕಮಟ್ಟಿಗೆ ತಡೆಯಬಹುದು. ಆದ್ದರಿಂದ ಈ ಆರೈಕೆಯನ್ನು ಬಿಡುವಿದ್ದಾಗ ತೋರುವ ಉಪಚಾರವೆಂದು ಬಗೆಯದೆ, ಚಿಕಿತ್ಸೆಯೆಂದೇ ಪರಿಗಣಿಸಬೇಕು.

ಲಕ್ಷಣಗಳು

ಸನ್ನಿಯ ತಿರುಳು ಗಮನದ ಕುಸಿತ. ರೋಗಿ ಎಚ್ಚರವಾಗಿಯೇ ಇರಬಹುದು, ಕರೆದರೆ ಓಗೊಡಬಹುದು. ಆದರೆ ಒಂದು ಪ್ರಶ್ನೆಯನ್ನು ಹಿಡಿದು ಉತ್ತರದವರೆಗೆ ಹೋಗಲಾರ. ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಲು ಕೇಳಿದರೆ ಶನಿವಾರ, ಶುಕ್ರವಾರ ಎಂದು ಆರಂಭಿಸಿ ಎಲ್ಲೋ ಕಳೆದುಹೋಗುತ್ತಾನೆ. ತಾನಿರುವುದು ಮನೆಯೋ ಆಸ್ಪತ್ರೆಯೋ, ಹೊತ್ತು ಹಗಲೋ ಇರುಳೋ ತಿಳಿಯದು. ಗೋಡೆಯ ಮೇಲೆ ಹುಳು ಹರಿದಂತೆ, ತೀರಿಹೋದವರು ಬಂದು ನಿಂತಂತೆ ಕಾಣಬಹುದು; ದಾದಿಯರು ತನಗೆ ವಿಷ ಹಾಕುತ್ತಿದ್ದಾರೆಂಬ ಗುಮಾನಿ ಹುಟ್ಟಬಹುದು. 2013ರಲ್ಲಿ ಹೊರಬಂದ ಅಮೆರಿಕದ ಮನೋವೈದ್ಯಕೀಯ ಸಂಘದ ಐದನೆಯ ಕೈಪಿಡಿ ಈ ರೋಗನಿರ್ಣಯಕ್ಕೆ ಕೆಲವು ಷರತ್ತುಗಳನ್ನು ಇಡುತ್ತದೆ: ಗಮನ ಮತ್ತು ಅರಿವು ಕೆಟ್ಟಿರಬೇಕು; ಬದಲಾವಣೆ ಅಲ್ಪಕಾಲದಲ್ಲಿ ಬಂದು ದಿನದುದ್ದಕ್ಕೂ ಏರಿಳಿಯುತ್ತಿರಬೇಕು; ನೆನಪು, ಭಾಷೆ ಅಥವಾ ಗ್ರಹಿಕೆಯಲ್ಲಿ ಇನ್ನೊಂದು ದೋಷವಾದರೂ ಕಾಣಬೇಕು; ಮೊದಲೇ ಇದ್ದ ಮರೆಗುಳಿ ರೋಗದಿಂದ ಇದನ್ನು ವಿವರಿಸಲು ಆಗಬಾರದು; ದೇಹದಲ್ಲಿ ಇದಕ್ಕೊಂದು ಕಾರಣ ಇರಬೇಕು. ಈ ಪಟ್ಟಿಯಲ್ಲಿ ಏರಿಳಿತವೇ ಆಸ್ಪತ್ರೆಯನ್ನು ಹೆಚ್ಚು ಏಮಾರಿಸುವ ಅಂಶ. ಬೆಳಗಿನ ಭೇಟಿಯಲ್ಲಿ ವೈದ್ಯರಿಗೆ ಸರಿಯಾಗಿ ಉತ್ತರಿಸಿದವರು ಸಂಜೆಯ ಹೊತ್ತಿಗೆ ಮಗಳ ಗುರುತನ್ನೇ ಹಿಡಿಯದಿರಬಹುದು, ಮತ್ತು ಕಡತದಲ್ಲಿ ಉಳಿಯುವುದು ಬೆಳಗಿನ ಚಿತ್ರ ಮಾತ್ರ.

ಸನ್ನಿ ಎಂದೊಡನೆ ಮನಸ್ಸಿಗೆ ಬರುವುದು ಬಡಬಡಿಸುತ್ತ, ಹಾಸಿಗೆಯಿಂದೇಳಲು ಹೆಣಗುತ್ತ, ಎದೆಗೆ ಹಾಕಿದ ನಳಿಕೆಗಳನ್ನು ಕೀಳಲು ಹೊರಟ ರೋಗಿ. ಇದು ಉದ್ರಿಕ್ತ ಬಗೆ. ಯಾರ ಕಣ್ಣಿಗೂ ತಪ್ಪದು. ಹೃದಯ ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಕಾಣುವುದು ಇದರ ತದ್ವಿರುದ್ಧವಾದ ಮಂದ ಬಗೆ. ರೋಗಿ ಸುಮ್ಮನೆ ಮಲಗಿರುತ್ತಾನೆ, ತುತ್ತು ಬಾಯಿಗಿಟ್ಟರೆ ಅಗಿಯುವುದನ್ನು ಮರೆಯುತ್ತಾನೆ, ಕೇಳಿದ್ದಕ್ಕೆ ತಡವಾಗಿ ಒಂದು ಪದ ಹೇಳುತ್ತಾನೆ. ತೊಂದರೆ ಕೊಡದ ಈ ರೋಗಿಯನ್ನು ‘ಆರಾಮವಾಗಿ ಮಲಗಿದ್ದಾರೆ’ ಎಂದು ಬರೆದುಬಿಡುವುದು ಸುಲಭ. ಕೆಮ್ಮಿ ಕಫ ತೆಗೆಯದೆ, ಎದ್ದು ನಡೆಯದೆ, ನೀರು ಕುಡಿಯದೆ ಅವನು ನ್ಯುಮೋನಿಯಾದತ್ತ ಜಾರುತ್ತಿರಬಹುದು. ಎರಡೂ ಬಗೆಗಳು ಒಬ್ಬರಲ್ಲೇ ಸರದಿಯಂತೆ ಬರುವುದೂ ಉಂಟು. ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು ಜೊತೆಗೂಡಿದ್ದರೆ ಅದು ಪಾರ್ಶ್ವವಾಯು ಇರಬಹುದಾದ್ದರಿಂದ ತಡಮಾಡದೆ ಮಿದುಳಿನ ಸ್ಕ್ಯಾನ್ ಮಾಡಿಸಬೇಕಾಗುತ್ತದೆ.

ಇತಿಹಾಸ

1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ ಜಾನ್ ಗಿಬ್ಬನ್ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ತೆರೆದ ಹೃದಯದ ಶಸ್ತ್ರಚಿಕಿತ್ಸೆಯನ್ನು ಯಶಸ್ವಿಯಾಗಿ ನಡೆಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ, ಇಂಥ ಶಸ್ತ್ರಚಿಕಿತ್ಸೆಯಿಂದ ಬದುಕುಳಿದವರಲ್ಲಿ ಅನೇಕರು ಕೆಲದಿನ ಬುದ್ಧಿ ಕದಡಿದ ಸ್ಥಿತಿಯಲ್ಲಿರುತ್ತಾರೆ ಎಂಬುದು ಬೆಳಕಿಗೆ ಬಂತು. 1960ರಲ್ಲಿ ಕೃತಕ ಕವಾಟವನ್ನು ರೂಪಿಸಿದವರಲ್ಲಿ ಒಬ್ಬರಾದ ಆಲ್ಬರ್ಟ್ ಸ್ಟಾರ್, ಮನೋವೈದ್ಯ ಬ್ಲಾಕ್ಲಿಯವರೊಡನೆ 1964ರಲ್ಲಿ ಈ ಸ್ಥಿತಿಯನ್ನು ವಿವರಿಸಿ ಅದಕ್ಕೆ ಪ್ರತ್ಯೇಕ ಹೆಸರು ಕೊಟ್ಟರು. ಮರುವರ್ಷ ನ್ಯೂಯಾರ್ಕಿನ ಕೋರ್ನ್‌ಫೆಲ್ಡ್ ಮತ್ತು ಸಂಗಡಿಗರು ತಮ್ಮ ರೋಗಿಗಳಲ್ಲಿ ಸುಮಾರು ಶೇ. 38 ಮಂದಿಗೆ ಸನ್ನಿಯಾದುದನ್ನು ವರದಿ ಮಾಡಿದರು. ಆರದ ದೀಪ, ನಿಲ್ಲದ ಯಂತ್ರಗಳ ಸದ್ದು, ಕಡಿದುಹೋಗುವ ನಿದ್ದೆ, ಹಗಲಿರುಳಿನ ಭೇದವಿಲ್ಲದ ಕೋಣೆ ಇದಕ್ಕೆ ಕಾರಣವಾಗಬಹುದೆಂದು ಅವರು ಶಂಕಿಸಿ, ಆ ಕೋಣೆಯನ್ನು ಬದಲಿಸುವ ಸಲಹೆಗಳನ್ನೂ ಕೊಟ್ಟರು. ಮುಂದೆ ‘ಐಸಿಯು ಸೈಕೋಸಿಸ್’ ಎಂಬ ಮಾತು ಬಳಕೆಗೆ ಬಂದದ್ದು ಇಂಥ ವಿಚಾರಗಳ ಬೆನ್ನಲ್ಲೇ.

ಇದೇ ಕಾಲದಲ್ಲಿ ಇನ್ನೊಂದು ವಿಚಾರಧಾರೆಯೂ ಬೆಳೆಯುತ್ತಿತ್ತು. 1959ರಲ್ಲಿ ಜಾರ್ಜ್ ಎಂಗೆಲ್ ಮತ್ತು ಜಾನ್ ರೊಮಾನೊ, ಸನ್ನಿಯಾದವರ ಮಿದುಳಿನ ವಿದ್ಯುತ್ ಅಲೆಗಳು ನಿಧಾನವಾಗುವುದನ್ನು ಆಧರಿಸಿ, ಇದು ಮಿದುಳಿನ ಶಕ್ತಿಕುಂದುವಿಕೆ ಎಂದು ವಾದಿಸಿದರು. ಹೃದಯ ಸೋತಾಗ ಉಸಿರು ಕಟ್ಟುವಂತೆ ಮಿದುಳು ಸೋತಾಗ ಗಮನ ಚದುರುತ್ತದೆ ಎಂಬುದು ಅವರ ನಿಲುವು. ಒಂದು ಧಾರೆ ಕೋಣೆಯನ್ನು ದೂರಿತು, ಇನ್ನೊಂದು ಮಿದುಳನ್ನು ನೋಡಿತು. ಇವೆರಡನ್ನೂ ಎದುರಾಳಿಗಳೆಂದು ತಿಳಿದದ್ದರಿಂದ ಬಹುಕಾಲ ನಷ್ಟವಾಯಿತು. ಕೋಣೆಯಷ್ಟೇ ಕಾರಣ ಎಂದವರು ರಕ್ತದ ಆಮ್ಲಜನಕ, ಸೋಂಕು, ಔಷಧಗಳ ಕಡೆ ಸಾಕಷ್ಟು ನೋಡಲಿಲ್ಲ. ಮಿದುಳಿನ ರಸಾಯನವಷ್ಟೇ ಕಾರಣ ಎಂದವರು ಅದನ್ನು ಸರಿಪಡಿಸುವ ಮಾತ್ರೆಯನ್ನು ಹುಡುಕುತ್ತ ಹೋದರು. ಗಟ್ಟಿ ಮಿದುಳನ್ನು ಗದ್ದಲದ ಕೋಣೆ ಕೆಡಿಸಲಾರದು, ಬಳಲಿದ ಮಿದುಳಿಗೆ ಅದೇ ಗದ್ದಲ ಕೊನೆಯ ಏಟಾಗಬಲ್ಲದು ಎಂಬುದು ಇಂದಿನ ತಿಳಿವಳಿಕೆ.

ವ್ಯಾಪಕತೆ

ಹೃದಯ ಶಸ್ತ್ರಚಿಕಿತ್ಸೆಯಾದವರಲ್ಲಿ ಎಷ್ಟು ಮಂದಿಗೆ ಸನ್ನಿಯಾಗುತ್ತದೆ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಶೇ. 10ರ ಆಸುಪಾಸಿನಿಂದ ಶೇ. 50ರವರೆಗೆ ಹರಡಿಕೊಂಡಿವೆ. 7,500ಕ್ಕೂ ಹೆಚ್ಚು ರೋಗಿಗಳಿದ್ದ, 2015ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಸ್ಟೀರಾಯ್ಡ್ ಪ್ರಯೋಗದಲ್ಲಿ ಈ ಪ್ರಮಾಣ ಸುಮಾರು ಶೇ. 8. ಆದರೆ 2012ರಲ್ಲಿ ಅಮೆರಿಕದ ಸಾಚಿನ್‌ಸ್ಕಿ ಮತ್ತು ಸಂಗಡಿಗರು 60 ದಾಟಿದ 225 ಮಂದಿಯನ್ನು ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ ದಿನವೂ ಪರೀಕ್ಷಿಸಿದಾಗ 103 ಮಂದಿಯಲ್ಲಿ, ಅಂದರೆ ಶೇ. 46ರಷ್ಟು ಜನರಲ್ಲಿ ಸನ್ನಿ ಕಂಡಿತು. ರೋಗಿಗಳ ವಯಸ್ಸು ಮತ್ತು ಕಾಯಿಲೆಯ ತೀವ್ರತೆ ಈ ಅಂತರದ ಒಂದು ಪಾಲನ್ನು ವಿವರಿಸುತ್ತವೆ. ದೊಡ್ಡ ಪಾಲನ್ನು ವಿವರಿಸುವುದು ಹುಡುಕುವ ಬಗೆ. ತರಬೇತಾದವರು ದಿನವೂ ರೋಗಿಯ ಗಮನವನ್ನು ಅಳೆದರೆ ಹೆಚ್ಚು ಸಿಗುತ್ತದೆ. ಎಂದಿನ ಆರೈಕೆಯ ನಡುವೆ ಕಣ್ಣಿಗೆ ಬಿದ್ದದ್ದನ್ನಷ್ಟೇ ಎಣಿಸಿದರೆ ಕಡಿಮೆ ಸಿಗುತ್ತದೆ, ಮಂದ ಬಗೆಯಂತೂ ಲೆಕ್ಕದಿಂದಲೇ ಜಾರುತ್ತದೆ. ನಮ್ಮಲ್ಲಿ ಈ ತೊಂದರೆ ಅಪರೂಪ ಎಂದು ಹೇಳುವ ಆಸ್ಪತ್ರೆಗೆ ಕೇಳಬೇಕಾದ ಮೊದಲ ಪ್ರಶ್ನೆ, ಅಲ್ಲಿ ಅದನ್ನು ಯಾರು, ದಿನಕ್ಕೆ ಎಷ್ಟು ಸಲ, ಯಾವ ವಿಧಾನದಿಂದ ಹುಡುಕುತ್ತಿದ್ದಾರೆ ಎಂಬುದು.

ಕಾರಣಗಳು

ಸನ್ನಿಗೆ ಒಂದೇ ಕಾರಣವಿರುವುದು ಕಡಿಮೆ. ರೋಗಿ ಹೊತ್ತು ತರುವ ದುರ್ಬಲತೆ ಒಂದು ಕಡೆ, ಶಸ್ತ್ರಚಿಕಿತ್ಸೆ ಮತ್ತು ಆಸ್ಪತ್ರೆ ಅದರ ಮೇಲೆ ಹೇರುವ ಆಘಾತಗಳು ಇನ್ನೊಂದು ಕಡೆ. ಇವೆರಡರ ಮೊತ್ತ ಒಂದು ಮಿತಿ ದಾಟಿದಾಗ ಮಿದುಳು ಸೋಲುತ್ತದೆ. ಬಾಸ್ಟನ್ನಿನ ರುಡಾಲ್ಫ್ ಮತ್ತು ಸಂಗಡಿಗರು 2009ರಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆಂದೇ ರೂಪಿಸಿದ ಮುನ್ಸೂಚನೆಯ ಸೂತ್ರದಲ್ಲಿ ನಾಲ್ಕು ಅಂಶಗಳಿವೆ: ನೆನಪು ಮತ್ತು ಬುದ್ಧಿಶಕ್ತಿಯ ಪರೀಕ್ಷೆಯಲ್ಲಿ ಕಡಿಮೆ ಅಂಕ, ಹಿಂದೆ ಆದ ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆಯ ಕಿರುಆಘಾತ, ಖಿನ್ನತೆ, ರಕ್ತದ ಆಲ್ಬುಮಿನ್ ಪ್ರಮಾಣದಲ್ಲಿ ವ್ಯತ್ಯಾಸ. ಈ ನಾಲ್ಕನ್ನೂ ಶಸ್ತ್ರಚಿಕಿತ್ಸೆಗೆ ಮುನ್ನ ಸಾಮಾನ್ಯ ಹೊರರೋಗಿ ವಿಭಾಗದಲ್ಲೇ ತಿಳಿಯಬಹುದು. ಇವುಗಳ ಜೊತೆಗೆ ವಯಸ್ಸು, ಕಿವಿ ಮತ್ತು ಕಣ್ಣಿನ ದೋಷ, ಮದ್ಯದ ಅಭ್ಯಾಸ, ಮೂತ್ರಪಿಂಡದ ಕಾಯಿಲೆ, ದೇಹದ ಸಾಮಾನ್ಯ ನಿಶ್ಶಕ್ತಿಯೂ ಅಪಾಯವನ್ನು ಹೆಚ್ಚಿಸುತ್ತವೆ.

ಶಸ್ತ್ರಚಿಕಿತ್ಸೆಯ ಹೊತ್ತಿನ ಆಘಾತಗಳು ಹೃದಯಕ್ಕೇ ವಿಶಿಷ್ಟವಾದವು. ಮಹಾಪಧಮನಿಯ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣ ಕಟ್ಟಿದ್ದರೆ, ಅದಕ್ಕೆ ಚಿಮ್ಮಟ ಹಾಕುವಾಗ ಮತ್ತು ತೆಗೆಯುವಾಗ ಸಣ್ಣ ಚೂರುಗಳು ಕಿತ್ತು ಮಿದುಳಿನತ್ತ ಹೋಗಬಹುದು. ಹೃದಯ-ಶ್ವಾಸಕೋಶ ಯಂತ್ರದ ಕೊಳವೆಗಳಲ್ಲಿ ಹರಿಯುವ ರಕ್ತ ದೇಹದಾದ್ಯಂತ ಉರಿಯೂತವನ್ನು ಕೆರಳಿಸುತ್ತದೆ; ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ಸಡಿಲವಾಗಿ, ಆ ಕಿಚ್ಚು ನರಕೋಶಗಳಿಗೂ ತಗಲುತ್ತದೆ. ರಕ್ತದೊತ್ತಡದ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಪ್ರತಿ ಮಿದುಳಿಗೂ ತನ್ನ ರಕ್ತಪೂರೈಕೆಯನ್ನು ತಾನೇ ಸಂಭಾಳಿಸಿಕೊಳ್ಳುವ ಒತ್ತಡದ ಮೇರೆ ಒಂದಿರುತ್ತದೆ, ಅದು ಎಲ್ಲರಿಗೂ ಒಂದೇ ಅಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಪ್ರತಿ ರೋಗಿಯ ಮೇರೆಯನ್ನು ಅಳೆದು ಅದಕ್ಕೆ ತಕ್ಕಂತೆ ಒತ್ತಡವನ್ನು ಕಾಯ್ದುಕೊಂಡ ಪ್ರಯೋಗದಲ್ಲಿ ಸನ್ನಿಯ ಪ್ರಮಾಣ ಶೇ. 53ರಿಂದ ಶೇ. 38ಕ್ಕೆ ಇಳಿಯಿತೆಂದು 2019ರಲ್ಲಿ ವರದಿಯಾಯಿತು. ಯಂತ್ರವೇ ಖಳನಾಯಕನಾದರೆ, ಯಂತ್ರವಿಲ್ಲದೆ ಬಡಿಯುವ ಹೃದಯದ ಮೇಲೆಯೇ ಮಾಡುವ ಬೈಪಾಸ್‌ನಲ್ಲಿ ಈ ತೊಂದರೆ ಅಳಿದುಹೋಗಬೇಕಿತ್ತು, ಹಾಗಾಗಿಲ್ಲ. ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಕವಾಟ ಕೂರಿಸುವ ವಿಧಾನದಲ್ಲಿ ಸನ್ನಿ ಕಡಿಮೆ, ಆದರೂ ಇಲ್ಲದೆ ಇಲ್ಲ.

ಐಸಿಯುವಿಗೆ ಬಂದ ಮೇಲಿನ ಆಘಾತಗಳ ಪಟ್ಟಿ ಉದ್ದವಾದದ್ದು: ಆಮ್ಲಜನಕದ ಕೊರತೆ, ಹೃದಯಬಡಿತದ ಲಯ ತಪ್ಪುವುದು, ಮೂತ್ರಪಿಂಡ ಹಿಂಜರಿಯುವುದು, ಸೋಡಿಯಂ ಮತ್ತು ಸಕ್ಕರೆಯ ಏರುಪೇರು, ಸೋಂಕು, ಸರಿಯಾಗಿ ಶಮನವಾಗದ ನೋವು, ಅದೇ ನೋವಿಗೆ ಕೊಟ್ಟ ಮಾರ್ಫಿನ್ ಜಾತಿಯ ಔಷಧದ ಅತಿ, ಮಲಬದ್ಧತೆ, ಅಗತ್ಯ ತೀರಿದರೂ ತೆಗೆಯದ ಮೂತ್ರದ ನಳಿಕೆ, ತುಂಡುತುಂಡಾದ ನಿದ್ದೆ. ಗಮನ ಮತ್ತು ನೆನಪಿಗೆ ಬೇಕಾದ ಅಸೆಟೈಲ್‌ಕೊಲಿನ್ ಎಂಬ ನರವಾಹಕವನ್ನು ತಡೆಯುವ ಔಷಧಗಳು ಇಲ್ಲಿ ವಿಶೇಷವಾಗಿ ಕೆಡುಕು. ಭಾರತದ ವಾರ್ಡುಗಳಲ್ಲಿ ಅಲರ್ಜಿಗೋ ನಿದ್ದೆಗೋ ಸಲೀಸಾಗಿ ಚುಚ್ಚುವ ಫೆನಿರಮೈನ್, ಪ್ರೊಮೆಥಜೀನ್ ಈ ಗುಂಪಿಗೆ ಸೇರಿದವು. ಈ ಪಟ್ಟಿಯಲ್ಲಿ ಗಮನಿಸಬೇಕಾದ ಸಂಗತಿ, ಇದರ ಬಹುಪಾಲು ಅಂಶಗಳು ಬದಲಾಯಿಸಬಹುದಾದವು. ವಯಸ್ಸನ್ನು ಇಳಿಸಲಾಗದು, ಎಂದೋ ಆದ ಪಾರ್ಶ್ವವಾಯುವನ್ನು ಅಳಿಸಲಾಗದು. ಆದರೆ ರಾತ್ರಿ ಎರಡು ಗಂಟೆಗೆ ಮೈ ಒರೆಸಲು ಎಬ್ಬಿಸುವುದನ್ನು ನಿಲ್ಲಿಸಬಹುದು.

ಪರಿಣಾಮಗಳು

ಸನ್ನಿ ತಾನಾಗಿ ಇಳಿಯುವುದಾದರೆ ಇಷ್ಟೊಂದು ಕಾಳಜಿ ಏಕೆ ಎಂಬ ಆಕ್ಷೇಪ ಸಹಜ. ಮೇಲೆ ಹೇಳಿದ 225 ಮಂದಿಯ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಆರು ತಿಂಗಳ ನಂತರವೂ ಶಸ್ತ್ರಚಿಕಿತ್ಸೆಗೆ ಮುಂಚಿನ ಬುದ್ಧಿಶಕ್ತಿಯ ಮಟ್ಟಕ್ಕೆ ಮರಳದವರು ಸನ್ನಿಯಾದವರಲ್ಲಿ ಶೇ. 40, ಆಗದವರಲ್ಲಿ ಶೇ. 24. ವರ್ಷದ ಹೊತ್ತಿಗೆ ಈ ಅಂತರ ಕುಗ್ಗಿತ್ತು. ಬಹಳಷ್ಟು ಮಂದಿ ಕೊನೆಗೆ ಚೇತರಿಸಿಕೊಳ್ಳುತ್ತಾರೆ ಎಂಬುದು ಇದರ ಸಮಾಧಾನದ ಮುಖ. ಆದರೆ ಔಷಧದ ಲೆಕ್ಕ ಇಡಬೇಕಾದ, ವ್ಯವಹಾರಕ್ಕೆ ಮರಳಬೇಕಾದ ಆರು ತಿಂಗಳು ಮಂಕು ಕವಿದ ಬುದ್ಧಿಯಲ್ಲಿ ಕಳೆದರೆ ಅದು ಸಣ್ಣ ನಷ್ಟವಲ್ಲ. ಆಸ್ಪತ್ರೆಯ ವಾಸ ಉದ್ದವಾಗುವುದು, ಬೀಳುವುದು, ವೆಂಟಿಲೇಟರಿನ ನಳಿಕೆ ಕಿತ್ತುಕೊಳ್ಳುವುದು, ನಡಿಗೆ ತಡವಾಗುವುದು ಇವೂ ಸನ್ನಿಯ ಜೊತೆಗೆ ಬರುತ್ತವೆ. ಅನೇಕರಲ್ಲಿ ಆ ದಿನಗಳ ಭಯಾನಕ ಚಿತ್ರಗಳು ನೆನಪಿನಲ್ಲುಳಿದು ನಾಚಿಕೆಯಿಂದ ಯಾರಿಗೂ ಹೇಳಿಕೊಳ್ಳದ ಹೊರೆಯಾಗುತ್ತವೆ.

ಇದಕ್ಕಿಂತ ಗಂಭೀರವಾದ ಇನ್ನೊಂದು ಆಕ್ಷೇಪವಿದೆ. ಮೊದಲೇ ಬಳಲಿದವರಿಗೆ ಸನ್ನಿಯಾಗುತ್ತದೆ. ಮುಂದೆ ಅವರು ಹಿಂದೆ ಬೀಳುವುದಕ್ಕೂ ಆ ಬಳಲಿಕೆಯೇ ಕಾರಣ. ಸನ್ನಿ ಬರೀ ಸೂಚಕ, ತಾನೇ ಹಾನಿ ಮಾಡುವುದಿಲ್ಲ ಎಂಬ ವಾದ. ಸನ್ನಿಯಾದವರ ಬುದ್ಧಿಶಕ್ತಿಯ ಅಂಕ ಶಸ್ತ್ರಚಿಕಿತ್ಸೆಗೆ ಮುನ್ನವೇ ತುಸು ಕಡಿಮೆ ಇದ್ದುದರಿಂದ ಈ ವಾದದಲ್ಲಿ ಹುರುಳಿದೆ, ಮತ್ತು ಗಮನಿಸುವ ಅಧ್ಯಯನಗಳಿಂದ ಮಾತ್ರ ಕಾರಣ-ಪರಿಣಾಮವನ್ನು ಸಾಧಿಸಲಾಗದು ಎಂಬುದನ್ನೂ ಒಪ್ಪಬೇಕು. ಆದರೂ ಬೈಪಾಸ್ ಆದ 5,034 ಮಂದಿಯನ್ನು ಹತ್ತು ವರ್ಷಗಳವರೆಗೆ ಹಿಂಬಾಲಿಸಿ 2010ರಲ್ಲಿ ಪ್ರಕಟವಾದ ಗೊಟ್ಸ್‌ಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒಂದು ಗಮನಾರ್ಹ ಅಂಶವಿದೆ. ವಯಸ್ಸು ಮತ್ತಿತರ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಸನ್ನಿಯಾದವರಲ್ಲಿ ಮರಣದ ಅಪಾಯ ಸುಮಾರು 1.65 ಪಟ್ಟು ಇತ್ತು. ಈ ನಂಟು ಕಿರಿಯರಲ್ಲಿ ಮತ್ತು ಹಿಂದೆ ಪಾರ್ಶ್ವವಾಯು ಆಗದವರಲ್ಲಿ ಇನ್ನೂ ಬಲವಾಗಿತ್ತು. ಮುಪ್ಪು ಮತ್ತು ಹಳೆಯ ಕಾಯಿಲೆಗಳಷ್ಟೇ ಕಾರಣವಾಗಿದ್ದರೆ ನಂಟು ಇವರಲ್ಲಿ ಸಡಿಲವಾಗಬೇಕಿತ್ತು. ಸನ್ನಿ ಬರೀ ಸೂಚಕವೆಂದೇ ಇಟ್ಟುಕೊಂಡರೂ ಅದನ್ನು ಕಡೆಗಣಿಸಲು ಅದು ನೆಪವಾಗದು. ಜ್ವರವೂ ಸೂಚಕವೇ, ಅದನ್ನು ಅಳೆಯುವುದನ್ನು ಯಾವ ಆಸ್ಪತ್ರೆಯೂ ಬಿಟ್ಟಿಲ್ಲ.

ಪತ್ತೆ

ಯೇಲ್ ವಿಶ್ವವಿದ್ಯಾಲಯದ ಶ್ಯಾರನ್ ಇನೋಯೆ 1990ರಲ್ಲಿ ರೂಪಿಸಿದ ಕ್ಯಾಮ್ ವಿಧಾನ ಸನ್ನಿಯ ಪತ್ತೆಯನ್ನು ಮನೋವೈದ್ಯರಲ್ಲದವರ ಕೈಗೂ ತಂದಿತು. ವೆಂಟಿಲೇಟರಿನಿಂದಾಗಿ ಮಾತಾಡಲಾಗದವರಿಗೆ ಹೊಂದುವಂತೆ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೆಸ್ಲಿ ಈಲಿ ಮತ್ತು ಸಂಗಡಿಗರು 2001ರಲ್ಲಿ ಅದರ ಐಸಿಯು ರೂಪವನ್ನು ತಂದರು. ಅದರಲ್ಲಿ ಗಮನದ ಪರೀಕ್ಷೆ ಸರಳ: ಇಂಗ್ಲಿಷಿನ ಹತ್ತು ಅಕ್ಷರಗಳನ್ನು ಒಂದೊಂದಾಗಿ ಹೇಳುತ್ತಾರೆ, ‘ಎ’ ಕೇಳಿದಾಗಲೆಲ್ಲ ರೋಗಿ ಕೈ ಅದುಮಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ ಎಂದರ್ಥ. ಕರ್ನಾಟಕದ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಇದ್ದ ಹಾಗೆಯೇ ನಡೆಯದು. ಇಂಗ್ಲಿಷ್ ಅಕ್ಷರ ಕಲಿಯದ ರೈತ ಮಹಿಳೆ ಕೈ ಅದುಮದಿದ್ದರೆ ಅದಕ್ಕೆ ಸನ್ನಿಯೇ ಕಾರಣವಾಗಬೇಕಿಲ್ಲ. ಅಂಥವರಿಗೆ ಆ ವಿಧಾನದಲ್ಲೇ ಇರುವ ಚಿತ್ರಗಳ ಪರೀಕ್ಷೆ, ಮಾತಾಡಬಲ್ಲವರಿಗೆ ವಾರದ ದಿನಗಳನ್ನು ಹಿಂದಿನಿಂದ ಎಣಿಸುವ ಪರೀಕ್ಷೆ ಹೊಂದುತ್ತದೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆಗೆ ಬರುವ ಹಳ್ಳಿಗರ ಆಡುನುಡಿಯೂ ಅವರನ್ನು ನೋಡಿಕೊಳ್ಳುವ ಸಿಬ್ಬಂದಿಯ ತಾಯ್ನುಡಿಯೂ ಎಲ್ಲ ಸಲ ಒಂದೇ ಆಗಿರುವುದಿಲ್ಲ. ‘ನಮ್ಮಪ್ಪ ಹಿಂಗ ಮಾತಾಡೋರಲ್ಲ’ ಎಂದು ಮನೆಯವರು ಹೇಳಿದರೆ ಅದನ್ನು ಗಾಬರಿಯೆಂದು ತಳ್ಳಿಹಾಕಬಾರದು. ರೋಗಿಯ ಎಂದಿನ ರೀತಿಯನ್ನು ಬಲ್ಲವರು ಅವರೊಬ್ಬರೇ ಆದ್ದರಿಂದ ಆ ಮಾತು ರೋಗನಿರ್ಣಯದ ಭಾಗ. ಮೊದಲೇ ಕೆಲಸದೊತ್ತಡದಲ್ಲಿರುವ ದಾದಿಯರ ಮೇಲೆ ಇದು ಇನ್ನೊಂದು ಹೊರೆ ಎಂಬ ಆಕ್ಷೇಪವಿದೆ. ತರಬೇತಿಯಾದ ಮೇಲೆ ಈ ಪರೀಕ್ಷೆಗೆ ಬೇಕಾಗುವುದು ಕೆಲವೇ ನಿಮಿಷ. ಒಬ್ಬ ರೋಗಿ ನಳಿಕೆ ಕಿತ್ತುಕೊಂಡರೆ ಹೋಗುವ ಸಮಯ ಅದರ ಎಷ್ಟೋ ಪಟ್ಟು.

ಔಷಧಗಳ ಪ್ರಯೋಗಗಳು

ಸನ್ನಿಯನ್ನು ತಡೆಯುವ ಔಷಧಕ್ಕಾಗಿ ನಡೆದ ಹುಡುಕಾಟದ ಕಥೆ ಈ ಲೇಖನದ ವಾದಕ್ಕೆ ಮುಖ್ಯ. ಉರಿಯೂತವೇ ಕಾರಣವಾದರೆ ಸ್ಟೀರಾಯ್ಡ್ ಫಲಿಸಬೇಕು: 2015ರ ದೊಡ್ಡ ಪ್ರಯೋಗದಲ್ಲಿ ಔಷಧ ಪಡೆದವರಲ್ಲೂ ಪಡೆಯದವರಲ್ಲೂ ಸನ್ನಿ ಒಂದೇ ಪ್ರಮಾಣದಲ್ಲಿತ್ತು. ಅಸೆಟೈಲ್‌ಕೊಲಿನ್ ಕೊರತೆಯೇ ಕಾರಣವಾದರೆ ಅದನ್ನು ಹೆಚ್ಚಿಸುವ ರಿವಾಸ್ಟಿಗ್ಮಿನ್ ಫಲಿಸಬೇಕು: 2009ರಲ್ಲಿ ಹೃದಯ ಶಸ್ತ್ರಚಿಕಿತ್ಸೆಯ 120 ರೋಗಿಗಳಲ್ಲಿ ನಡೆದ ಪ್ರಯೋಗದಲ್ಲಿ ಫಲಿಸಲಿಲ್ಲ. 2017ರಲ್ಲಿ 672 ಮಂದಿಯ ಪ್ರಯೋಗವೊಂದರಲ್ಲಿ ಕೆಟಮೀನ್ ಕೊಟ್ಟು ನೋಡಿದಾಗ ಸನ್ನಿ ಕಡಿಮೆಯಾಗಲಿಲ್ಲ, ದುಃಸ್ವಪ್ನಗಳು ಹೆಚ್ಚಾದವು. ಅರಿವಳಿಕೆಯ ಆಳವನ್ನು ಮಿದುಳಿನ ಅಲೆಗಳಿಂದ ಅಳೆದು ಹದಗೊಳಿಸಿದ ಕೆನಡಾದ ಪ್ರಯೋಗದಲ್ಲಿ ಎರಡೂ ಗುಂಪುಗಳಲ್ಲಿ ಸುಮಾರು ಶೇ. 18 ಮಂದಿಗೆ ಸನ್ನಿಯಾಯಿತು ಎಂದು 2024ರಲ್ಲಿ ವರದಿಯಾಯಿತು. ನಿದ್ದೆಗೆ ಹತ್ತಿರವಾದ ಮಂಪರು ತರುವ ಡೆಕ್ಸ್‌ಮೆಡಿಟೊಮಿಡೀನ್ ಹೆಚ್ಚು ಆಸೆ ಹುಟ್ಟಿಸಿತು. 2016ರಲ್ಲಿ ಟೊರಾಂಟೊದ ಜಾಯಾನಿ ಮತ್ತು ಸಂಗಡಿಗರು, ಪ್ರೊಪೊಫಾಲ್ ಪಡೆದ ವೃದ್ಧರಲ್ಲಿ ಶೇ. 31.5 ಇದ್ದ ಸನ್ನಿ ಈ ಔಷಧ ಪಡೆದವರಲ್ಲಿ ಶೇ. 17.5 ಇತ್ತೆಂದು ತೋರಿಸಿದರು. ಆದರೆ 2020ರಲ್ಲಿ ಸುಮಾರು 800 ಮಂದಿಯ ಪ್ರಯೋಗದಲ್ಲಿ ಔಷಧ ಪಡೆದವರಲ್ಲಿ ಶೇ. 17, ಪಡೆಯದವರಲ್ಲಿ ಶೇ. 12 ಎಂದು ಫಲಿತಾಂಶ ಬಂದು ಆ ಆಸೆ ಮಂಕಾಯಿತು. ನೋವಿಗೆ ರಕ್ತನಾಳದ ಮೂಲಕ ಪ್ಯಾರಸಿಟಮಾಲ್ ಕೊಟ್ಟಾಗ ಸನ್ನಿ ಶೇ. 28ರಿಂದ ಶೇ. 10ಕ್ಕೆ ಇಳಿಯಿತೆಂದು 2019ರಲ್ಲಿ ಬಾಸ್ಟನ್ನಿನಿಂದ ಬಂದ ವರದಿ ಉತ್ತೇಜಕ. ಆದರೆ ಅದರಲ್ಲಿದ್ದವರು 120 ಮಂದಿ ಮಾತ್ರ.

ಹಾಗಾದರೆ ಕೆಡುಕು ಮಾಡುವ ಔಷಧವನ್ನು ಬಿಟ್ಟರೆ ಸಾಕೇ? ಬೆಂಜೊಡಯಾಜೆಪಿನ್ ಗುಂಪಿನ ನಿದ್ರಾಜನಕಗಳು ಸನ್ನಿಗೆ ದಾರಿಮಾಡುತ್ತವೆ ಎಂಬ ಶಂಕೆ ಹಳೆಯದು. ಉತ್ತರ ಅಮೆರಿಕದ 20 ಆಸ್ಪತ್ರೆಗಳಲ್ಲಿ ಸುಮಾರು 20 ಸಾವಿರ ಹೃದಯ ಶಸ್ತ್ರಚಿಕಿತ್ಸೆಯ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಶಸ್ತ್ರಚಿಕಿತ್ಸೆಯ ವೇಳೆ ಈ ಔಷಧವನ್ನು ಮಿತಗೊಳಿಸಿದ ಅವಧಿಯಲ್ಲಿ ಶೇ. 14, ಎಂದಿನಂತೆ ಬಳಸಿದ ಅವಧಿಯಲ್ಲಿ ಶೇ. 14.9 ಸನ್ನಿ ಕಂಡಿತು, ಗಣನೀಯ ಅಂತರವಿರಲಿಲ್ಲ. ಈ ಪ್ರಯೋಗಗಳನ್ನೆಲ್ಲ ಸಾಲಾಗಿಟ್ಟು ನೋಡಿದಾಗ ಸಂಶೋಧನೆ ಸೋತಿತೆಂಬ ನಿರಾಶೆ ಮೂಡಬಹುದು. ಸರಿಯಾದ ಪಾಠ ಬೇರೆ. ಹತ್ತು ದಿಕ್ಕಿನಿಂದ ಬರುವ ಆಘಾತಗಳಲ್ಲಿ ಒಂದನ್ನು ತಡೆದರೆ ಉಳಿದ ಒಂಬತ್ತು ತಮ್ಮ ಕೆಲಸ ಮಾಡುತ್ತವೆ. ಒಂದು ಪ್ರಯೋಗದಲ್ಲಿ ಒಂದೇ ಎಳೆಯನ್ನು ಎಳೆದು ನೋಡುವ ಕ್ರಮಕ್ಕೆ ಈ ರೋಗ ಸುಲಭವಾಗಿ ಸಿಗುವುದಿಲ್ಲ. ಹಲವು ಕಾರಣಗಳನ್ನು ಒಟ್ಟಿಗೆ ಹಿಡಿದಾಗ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ.

ತಡೆ

ಆ ಪರೀಕ್ಷೆ ಬೇರೆ ವಾರ್ಡುಗಳಲ್ಲಿ ನಡೆದಿದೆ. 1999ರಲ್ಲಿ ಇನೋಯೆ ಮತ್ತು ಸಂಗಡಿಗರು ಆಸ್ಪತ್ರೆ ಸೇರಿದ 70 ದಾಟಿದ 852 ಮಂದಿಯಲ್ಲಿ ಒಂದು ಗುಂಪಿಗೆ ಸ್ಥಳ-ಸಮಯದ ಅರಿವು ಮೂಡಿಸುವುದು, ರಾತ್ರಿಯ ಸದ್ದು ಇಳಿಸಿ ನಿದ್ದೆ ಕಾಪಾಡುವುದು, ಬೇಗ ನಡೆಸುವುದು, ಕನ್ನಡಕ ಮತ್ತು ಶ್ರವಣಸಾಧನ ಒದಗಿಸುವುದು, ನೀರು ಕುಡಿಸುವುದು ಇವನ್ನು ಕ್ರಮಬದ್ಧವಾಗಿ ಮಾಡಿದರು. ಸನ್ನಿಯ ಪ್ರಮಾಣ ಶೇ. 15ರಿಂದ ಶೇ. 9.9ಕ್ಕೆ ಇಳಿಯಿತು. ಚೀನಾದ ಚೆಂಗ್ಡು ನಗರದ ವೆಸ್ಟ್ ಚೈನಾ ಆಸ್ಪತ್ರೆಯಲ್ಲಿ ಇದೇ ಕ್ರಮವನ್ನು ಪ್ರತಿ ರೋಗಿಯ ಅಗತ್ಯಕ್ಕೆ ಹೊಂದಿಸಿ, ಮನೆಯವರನ್ನು ಅದರಲ್ಲಿ ತೊಡಗಿಸಿ, ಹೃದಯೇತರ ಶಸ್ತ್ರಚಿಕಿತ್ಸೆಯಾದ 281 ಹಿರಿಯರಲ್ಲಿ ಪ್ರಯೋಗ ಮಾಡಿದಾಗ ಶೇ. 19.4 ಇದ್ದದ್ದು ಶೇ. 2.6 ಆಯಿತೆಂದು 2020ರಲ್ಲಿ ವರದಿಯಾಯಿತು. ಇವು ಹೃದಯದ ರೋಗಿಗಳ ಅಧ್ಯಯನಗಳಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಹೃದಯ-ಶ್ವಾಸಕೋಶ ಯಂತ್ರದ ಆಘಾತವನ್ನು ಕನ್ನಡಕ ತಡೆಯಲಾರದು. ಹೃದಯದ ಐಸಿಯುವಿನಲ್ಲಿ ಇಷ್ಟೇ ಇಳಿಕೆ ಸಿಗುತ್ತದೆಂದು ಭರವಸೆ ಕೊಡಲಾಗದು. ಆದರೆ ನಿದ್ರಾಭಂಗ, ನಿಶ್ಚಲತೆ, ನೀರಿನ ಕೊರತೆ, ಕಾಣದ ಕಣ್ಣು, ಕೇಳದ ಕಿವಿ ಹೃದಯದ ರೋಗಿಯನ್ನೂ ಅದೇ ರೀತಿ ಕಾಡುತ್ತವೆ. ಒಂದು ಔಷಧವನ್ನು ಬೇರೆ ರೋಗಿಗಳಿಗೆ ವಿಸ್ತರಿಸುವಾಗ ಅಡ್ಡಪರಿಣಾಮದ ಭಯವಿರುತ್ತದೆ. ಕನ್ನಡಕ ಹಾಕಿಸುವುದಕ್ಕೆ, ರಾತ್ರಿ ದೀಪ ತಗ್ಗಿಸುವುದಕ್ಕೆ ಅಂಥ ಭಯವಿಲ್ಲ. ಹಾನಿ ಇಲ್ಲದ, ಖರ್ಚು ಕಡಿಮೆ ಇರುವ, ಬೇರೆಡೆ ಫಲ ಕೊಟ್ಟ ಕ್ರಮವನ್ನು ಪೂರ್ಣ ಪುರಾವೆ ಬರುವವರೆಗೆ ತಡೆಹಿಡಿಯುವುದು ವಿವೇಕವಲ್ಲ.

ಮನೆಯವರನ್ನು ಒಳಗೆ ಬಿಟ್ಟರೆ ಸೋಂಕು ಹೆಚ್ಚುತ್ತದೆ ಎಂಬ ಭಯ ಭಾರತದ ಐಸಿಯುಗಳಲ್ಲಿ ಬಲವಾಗಿದೆ. ಬ್ರೆಜಿಲ್ ದೇಶದ 36 ಐಸಿಯುಗಳಲ್ಲಿ ದಿನಕ್ಕೆ 12 ಗಂಟೆಗಳವರೆಗೆ ಮನೆಯವರನ್ನು ಬಿಟ್ಟು ನೋಡಿದ, 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೋಂಕು ಹೆಚ್ಚಲಿಲ್ಲ, ಮನೆಯವರ ಆತಂಕ ಇಳಿಯಿತು. ಆದರೆ ಸನ್ನಿಯ ಪ್ರಮಾಣವೂ ಗಣನೀಯವಾಗಿ ಕಡಿಮೆಯಾಗಲಿಲ್ಲ. ಚೆಂಗ್ಡುವಿನ ಫಲಿತಾಂಶದ ಪಕ್ಕದಲ್ಲಿಟ್ಟರೆ ಇದರ ಅರ್ಥ ಸ್ಪಷ್ಟವಾಗುತ್ತದೆ. ಬಂಧುಗಳು ಪಕ್ಕದಲ್ಲಿ ಕುಳಿತಿದ್ದರೆ ಸಾಲದು. ಅವರಿಗೆ ಮಾಡಲು ಗೊತ್ತಾದ ಕೆಲಸವಿರಬೇಕು. ಮುಂಜಾನೆ ಇಂದು ಯಾವ ದಿನ, ಎಲ್ಲಿದ್ದೇವೆ, ಏನಾಯಿತು ಎಂದು ನಿಧಾನವಾಗಿ ಹೇಳುವುದು, ಕನ್ನಡಕ ಮತ್ತು ಹಲ್ಲಿನ ಸೆಟ್ ಹಾಕಿಸುವುದು, ಊಟ ಮಾಡಿಸುವುದು, ಫಿಸಿಯೋಥೆರಪಿಸ್ಟ್ ತೋರಿಸಿದಂತೆ ಕೂರಿಸಿ ನಡೆಸುವುದು, ಹಗಲಲ್ಲಿ ಮಾತಾಡಿಸಿ ಎಚ್ಚರವಾಗಿಡುವುದು, ರಾತ್ರಿ ಮಲಗಲು ಬಿಡುವುದು ಇವು ಆ ಕೆಲಸಗಳು. ನಮ್ಮ ಆಸ್ಪತ್ರೆಗಳ ಹೊರಜಗಲಿಯಲ್ಲಿ ಹಗಲಿರುಳು ಕಾಯುವ ಕುಟುಂಬಗಳಿಗೆ ಇದನ್ನು ಕಲಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಹಾಗೆಂದು ದಾದಿಯರ ಕೊರತೆಯನ್ನು ಬಂಧುಗಳಿಂದ ತುಂಬಿಸಿಕೊಳ್ಳುವ ದಾರಿ ಇದಾಗಬಾರದು. ಕಲಿಸುವುದು, ಮೇಲ್ವಿಚಾರಣೆ ಮಾಡುವುದು ಸಿಬ್ಬಂದಿಯ ಹೊಣೆಯೇ.

ಚಿಕಿತ್ಸೆ

ಸನ್ನಿ ಕಂಡ ಮೇಲೆ ಮೊದಲ ಕೆಲಸ ಕಾರಣದ ಹುಡುಕಾಟ. ಆಮ್ಲಜನಕ, ರಕ್ತದೊತ್ತಡ, ಹೃದಯದ ಲಯ, ಸಕ್ಕರೆ, ಸೋಡಿಯಂ, ಮೂತ್ರಪಿಂಡದ ಸ್ಥಿತಿ, ಸೋಂಕು, ನೋವು, ತುಂಬಿದ ಮೂತ್ರಕೋಶ, ಹೊಸದಾಗಿ ಸೇರಿಸಿದ ಔಷಧಗಳು ಒಂದೊಂದನ್ನೂ ಪರಿಶೀಲಿಸಬೇಕು. ಕುಡಿತದ ಅಭ್ಯಾಸವಿದ್ದು ಆಸ್ಪತ್ರೆಯಲ್ಲಿ ಅದು ತಟ್ಟನೆ ನಿಂತಿದ್ದರೆ ಎರಡು-ಮೂರು ದಿನಗಳಲ್ಲಿ ಬರುವ ಸನ್ನಿಯ ಚಿಕಿತ್ಸೆ ಬೇರೆ. ಅಲ್ಲಿ ಬೆಂಜೊಡಯಾಜೆಪಿನ್ ಅಗತ್ಯವಾಗುತ್ತದೆ. ಮನೆಯವರು ಸಂಕೋಚದಿಂದ ಮುಚ್ಚಿಟ್ಟ ಕುಡಿತದ ಮಾಹಿತಿ ಆಗ ಜೀವಕ್ಕೆ ಎರವಾಗಬಹುದು. ಉದ್ರಿಕ್ತ ರೋಗಿಗೆ ಒಂದು ಚುಚ್ಚುಮದ್ದು ಕೊಟ್ಟು ಮಲಗಿಸಿದರೆ ಎಲ್ಲರಿಗೂ ಒಳ್ಳೆಯದಲ್ಲವೇ ಎಂದು ಕೇಳಬಹುದು. 566 ಐಸಿಯು ರೋಗಿಗಳಿಗೆ ಹ್ಯಾಲೊಪೆರಿಡಾಲ್, ಜಿಪ್ರಸಿಡೋನ್ ಅಥವಾ ಔಷಧವಿಲ್ಲದ ದ್ರವವನ್ನು ಕೊಟ್ಟು ನೋಡಿದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸನ್ನಿಯ ಅವಧಿ ಯಾವುದರಿಂದಲೂ ಕಡಿಮೆಯಾಗಲಿಲ್ಲ. ಹ್ಯಾಲೊಪೆರಿಡಾಲ್ ಹೃದಯದ ವಿದ್ಯುತ್ ಲಯವನ್ನು ಕೆಡಿಸಬಲ್ಲದು; ಆಗತಾನೆ ಶಸ್ತ್ರಚಿಕಿತ್ಸೆಯಾದ ಹೃದಯಕ್ಕೆ ಅದು ಸಣ್ಣ ಅಪಾಯವಲ್ಲ. ರೋಗಿ ತನಗೋ ಇತರರಿಗೋ ಹಾನಿ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದಾಗ, ಸಣ್ಣ ಪ್ರಮಾಣದಲ್ಲಿ, ಅಲ್ಪಕಾಲ, ಇಸಿಜಿ ನೋಡುತ್ತ ಬಳಸುವುದಕ್ಕೆ ಅದು ಸೀಮಿತವಾಗಬೇಕು. ಕೈಕಾಲು ಕಟ್ಟಿಹಾಕುವುದು ಭಯವನ್ನೂ ಹೆಣಗಾಟವನ್ನೂ ಹೆಚ್ಚಿಸುತ್ತದೆ. ಪರಿಚಿತ ದನಿಯೊಂದು ಪಕ್ಕದಲ್ಲಿದ್ದು, ಅನಗತ್ಯ ನಳಿಕೆಗಳು ಹೋದರೆ ಎಷ್ಟೋ ಸಲ ಕಟ್ಟುವ ಪ್ರಮೇಯವೇ ಬರುವುದಿಲ್ಲ.

ಸನ್ನಿಯ ಅಪಾಯ ಹೆಚ್ಚಿದೆ ಎಂದ ಮಾತ್ರಕ್ಕೆ ಹಿರಿಯರಿಗೆ ಹೃದಯ ಶಸ್ತ್ರಚಿಕಿತ್ಸೆಯೇ ಬೇಡ ಎನ್ನುವುದು ತಪ್ಪು ತೀರ್ಮಾನ. ಕಿರಿದಾದ ಕವಾಟ, ಮುಚ್ಚಿದ ರಕ್ತನಾಳಗಳು ತಂದೊಡ್ಡುವ ಅಪಾಯ ಬಹುಪಾಲು ಇದಕ್ಕಿಂತ ದೊಡ್ಡದು. ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿಸುವಾಗ ರಕ್ತಸ್ರಾವ, ಸೋಂಕು, ಪಾರ್ಶ್ವವಾಯುಗಳ ಜೊತೆಗೆ ಸನ್ನಿಯ ಸಂಭವವನ್ನೂ ರೋಗಿಗೆ ಮತ್ತು ಮನೆಯವರಿಗೆ ವಿವರಿಸಬೇಕು. ಮುಂದೆ ಹಾಗಾದಾಗ ಅವರು ಬೆಚ್ಚಿಬೀಳದೆ ನೆರವಿಗೆ ನಿಲ್ಲುತ್ತಾರೆ, ರೋಗಿ ತನಗೆ ಹುಚ್ಚು ಹಿಡಿಯಿತೆಂದು ಮರುಗುವುದಿಲ್ಲ. ಬಿಡುಗಡೆಯ ಸಾರಾಂಶದಲ್ಲಿ ಸನ್ನಿಯಾದ ವಿಚಾರ ಬರೆದಿರಬೇಕು, ನಂತರದ ತಪಾಸಣೆಯಲ್ಲಿ ಹೃದಯದ ಜೊತೆಗೆ ನೆನಪು ಮತ್ತು ಗಮನವನ್ನೂ ನೋಡಬೇಕು. ಹೃದಯ ಶಸ್ತ್ರಚಿಕಿತ್ಸೆಯ ಕೇಂದ್ರಗಳು ಮರಣ, ಸೋಂಕು, ಮರುಶಸ್ತ್ರಚಿಕಿತ್ಸೆಗಳ ಲೆಕ್ಕ ಇಡುತ್ತವೆ. ಆ ಪಟ್ಟಿಯಲ್ಲಿ ಸನ್ನಿಗೂ ಒಂದು ಸಾಲು ಸೇರಬೇಕು. ಎಣಿಕೆಗೆ ಬಾರದ ತೊಂದರೆಗೆ ಆಸ್ಪತ್ರೆಯಲ್ಲಿ ಹೊಣೆಗಾರರಿರುವುದಿಲ್ಲ. ಎದೆಯೊಳಗಿನ ಹೃದಯವನ್ನು ದುರಸ್ತಿ ಮಾಡುವುದು ಆ ಮನುಷ್ಯ ತನ್ನ ಬುದ್ಧಿ, ನೆನಪು, ನಂಟುಗಳೊಡನೆ ಬಾಳಲೆಂದು. ಹಾಗಿರುವಾಗ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತೇ ಎಂಬ ಪ್ರಶ್ನೆಗೆ ಮಿದುಳಿನ ಸ್ಥಿತಿಯನ್ನು ಬಿಟ್ಟು ಕೊಡುವ ಉತ್ತರ ಪೂರ್ಣವಾಗದು.